ಮೊಳಕೆಯಲ್ಲಿ ಬೆಳೆಯನ್ನು ಕಾಣುವವರು

ಬೆಂಗಳೂರಿನಿಂದ ಹೊಸೂರು ಹೆದ್ದಾರಿಯನ್ನು ಹಿಡಿದು, ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಸೌಧಗಳನ್ನೂ ಬೊಮ್ಮಸಂದ್ರದ ಕಾರ್ಖಾನೆಗಳ ಸಾಲನ್ನೂ ಹಿಂದಿಕ್ಕಿ, ಚಂದಾಪುರದಲ್ಲಿ ಬಲಕ್ಕೆ ತಿರುಗಿದರೆ ಆನೇಕಲ್ಲಿನ ದಾರಿ ಸಿಕ್ಕುತ್ತದೆ. ರಾಜಧಾನಿಯಿಂದ ಸುಮಾರು ೩೫ ಕಿಲೋಮೀಟರ್ ದೂರದ ಊರು. ‘ಆನೆಕಲ್ಲು’ ಎಂದರೆ ಆಲಿಕಲ್ಲು. ಊರಿಗೆ ಹೆಸರು ಬಂದದ್ದು ಅದರಿಂದಲೇ ಎಂದು ಹೇಳುವವರುಂಟು. ಮುಗಿಲಿನಿಂದ ಬೀಳುವ ಕಲ್ಲನ್ನು ಬಿಟ್ಟು ನಿಜವಾದ ಆನೆಯ ಕಡೆಗೇ ಬೆರಳು ತೋರಿಸುವವರೂ ಉಂಟು. ಅವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಬನ್ನೇರುಘಟ್ಟದ ಕಾಡು ಮಗ್ಗುಲಲ್ಲಿಯೇ ಇದೆ; ರಾಗಿ ತೆನೆಗಟ್ಟುವ ಕಾಲದಲ್ಲಿ ಆನೆಗಳು ಹೊಲಕ್ಕೆ ಇಳಿಯುವುದು ಈ ಸೀಮೆಯ ರೈತನಿಗೆ ಹೊಸತೇನೂ ಅಲ್ಲ.

ಕಸಬಾ, ಅತ್ತಿಬೆಲೆ, ಸರ್ಜಾಪುರ, ಜಿಗಣಿ ಎಂಬ ನಾಲ್ಕು ಹೋಬಳಿಗಳ ಈ ತಾಲ್ಲೂಕಿನಲ್ಲಿ ಎರಡು ಕಾಲಗಳು ಒಂದೇ ಅಂಗಳದಲ್ಲಿ ವಾಸಮಾಡುತ್ತಿವೆ. ಊರೊಳಗಿನ ಬೀದಿಗಳಲ್ಲಿ ರೇಷ್ಮೆಯ ಮಗ್ಗದ ಸದ್ದು. ಊರ ಹೊರಗೆ ಯಂತ್ರಗಳ ಮೊರೆತ. ಒಂದು ಕಡೆ ತಿಮ್ಮರಾಯಸ್ವಾಮಿಯ ಗುಡಿ, ಮುತ್ಯಾಲಮಡುವಿನ ಕಣಿವೆ. ಇನ್ನೊಂದು ಕಡೆ ಪಾಳಿ ಮುಗಿಸಿ ಬರುವ ಕೆಲಸಗಾರರ ಬಸ್ಸುಗಳು. ಹುಸ್ಕೂರಿನ ಮದ್ದೂರಮ್ಮನ ಜಾತ್ರೆಗೆ ಸುತ್ತಲ ಹಳ್ಳಿಗಳವರು ಮುಗಿಲೆತ್ತರದ ತೇರುಗಳನ್ನು ಎತ್ತುಗಳನ್ನು ಕಟ್ಟಿ ಎಳೆತರುವುದು ಇಂದಿಗೂ ನಡೆದುಬಂದಿದೆ. ಆ ತೇರು ಸಾಗುವ ಹಾದಿಯ ಆಚೆಈಚೆಗೆ ಬಹುಮಹಡಿಯ ಮನೆಗಳು ಎದ್ದು ನಿಂತಿವೆ.

ಹೊಲವೂ ಆಗಿ ಉಳಿಯದೆ ಬಡಾವಣೆಯೂ ಆಗಿ ಮುಗಿಯದೆ, ಕಲ್ಲು ನೆಟ್ಟು ಬಿಟ್ಟ ನಿವೇಶನಗಳು ಇಲ್ಲಿ ಎಕರೆಗಟ್ಟಲೆ ಉಂಟು. ಭಾನುವಾರ ಬೆಳಗ್ಗೆ ಆ ಬಯಲುಗಳೆಲ್ಲ ಹುಡುಗರ ಪಾಲು. ಇಟ್ಟಿಗೆಯ ರಾಶಿಯೇ ವಿಕೆಟ್ಟು, ಟೆನಿಸ್ ಚೆಂಡು, ಒಂದೇ ಬ್ಯಾಟಿಗೆ ಹತ್ತು ಮಂದಿ ಒಡೆಯರು. ರೈತನ ಮಗನೂ, ಕಾರ್ಖಾನೆಯ ಕೆಲಸಕ್ಕೆಂದು ದೂರದ ಜಿಲ್ಲೆಯಿಂದ ಬಂದು ನೆಲಸಿದವನ ಮಗನೂ ಅಲ್ಲಿ ಒಂದೇ ತಂಡದವರು.

ಈ ತಾಲ್ಲೂಕಿನ ಸೂರ್ಯನಗರದಲ್ಲಿ ೮೦,೦೦೦ ಮಂದಿ ಕುಳಿತು ನೋಡಬಹುದಾದ ಕ್ರೀಡಾಂಗಣವೊಂದನ್ನು ಕಟ್ಟುವುದಾಗಿ ೨೦೨೫ರಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿತು. ಅದೇ ವರ್ಷದ ಜೂನ್ ೪ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜೀವಗಳು ಹೋಗಿದ್ದವು. ನಗರದ ನಡುವಣ ಇಕ್ಕಟ್ಟಿನ ಅಂಗಣ ಸಾಲದು ಎಂಬ ಮಾತು ಎಲ್ಲ ಕಡೆಯಿಂದ ಕೇಳಿಬಂದಿತ್ತು. ಎಂಬತ್ತು ಸಾವಿರ ಆಸನಗಳು! ಕೇಳಲು ಸೊಗಸಾದ ಸಂಖ್ಯೆಯೇ. ಆದರೆ ಎಂಬತ್ತು ಸಾವಿರ ಜನ ನೋಡುವ ಆಟಗಾರನನ್ನು ಮೊತ್ತಮೊದಲು ನೋಡುವವನು ಒಬ್ಬನೇ ಒಬ್ಬ. ಎಲ್ಲೋ ಒಂದು ಬಯಲಿನ ಅಂಚಿನಲ್ಲಿ, ಬಿಸಿಲಿಗೆ ಕೈ ಅಡ್ಡ ಹಿಡಿದು, ಹದಿಮೂರು ಹದಿನಾಲ್ಕರ ಹುಡುಗನೊಬ್ಬನನ್ನು ಗಮನಿಸುತ್ತ ನಿಂತವನು. ಆತ ನೋಡಲಿಲ್ಲವಾದರೆ ಉಳಿದವರು ನೋಡುವ ಪ್ರಸಂಗವೇ ಬರದು.

ಹೋರಿಕರುವಿನ ಪರೀಕ್ಷೆ

ಎಳೆಯದನ್ನು ನೋಡಿ ಬಲಿತಾಗ ಹೇಗಿದ್ದೀತೆಂದು ಹೇಳುವ ವಿದ್ಯೆ ಈ ಸೀಮೆಗೆ ಕ್ರಿಕೆಟ್ಟಿಗಿಂತ ಬಹು ಹಿಂದೆಯೇ ತಿಳಿದಿತ್ತು. ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ತಳಿಯ ಹೋರಿಕರುವನ್ನು ಕೊಳ್ಳಲು ಬಂದ ರೈತ ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಹಾಲುಹಲ್ಲೇ, ಎರಡು ಹಲ್ಲೇ, ನಾಲ್ಕು ಹಲ್ಲೇ, ಬಾಯಿಗೂಡಿದೆಯೇ ಎಂದು ಎಣಿಸುತ್ತಾನೆ. ಮಾರುವವನು ಹೇಳುವ ವಯಸ್ಸಿನ ಮೇಲೆ ಅವನಿಗೆ ನಂಬಿಕೆಯಿಲ್ಲ. ಹಲ್ಲು ಸುಳ್ಳು ಹೇಳುವುದಿಲ್ಲ. ಅನಂತರ ಗೊರಸು, ಎದೆಯ ಅಗಲ, ಕತ್ತಿನ ಕಟ್ಟು, ಮೈಮೇಲಿನ ಸುಳಿ. ನಿಂತ ಕರುವನ್ನು ಎಷ್ಟು ಹೊತ್ತು ನೋಡಿದರೂ ತೃಪ್ತಿಯಾಗದೆ, ‘ಸ್ವಲ್ಪ ನಡೆಸಪ್ಪ, ನೋಡೋಣ’ ಎನ್ನುತ್ತಾನೆ. ಹಿಂಗಾಲು ಮುಂಗಾಲಿನ ಹೆಜ್ಜೆಯನ್ನು ಮೆಟ್ಟುತ್ತದೆಯೋ ಇಲ್ಲವೋ ಎಂದು ಬಾಗಿ ನೋಡುತ್ತಾನೆ. ಕೊನೆಗೆ ದಲ್ಲಾಳಿಯ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಇತ್ಯರ್ಥವಾಗುತ್ತದೆ.

ಈ ರೈತನು ಕೊಳ್ಳುತ್ತಿರುವುದು ಇಂದಿನ ಕರುವನ್ನಲ್ಲ. ನಾಲ್ಕು ವರ್ಷಗಳ ಮೇಲೆ ನೊಗಕ್ಕೆ ಹೆಗಲು ಕೊಡಬೇಕಾದ ಎತ್ತನ್ನು. ಇಂದು ಕಾಣುವುದೊಂದು, ಹಣ ಕೊಡುವುದು ಮತ್ತೊಂದಕ್ಕೆ. ಆಟದ ಆಯ್ಕೆಗಾರನ ಕಷ್ಟವೂ ಇದೇ. ಆದರೆ ಕರು ತಪ್ಪಿದರೆ ಕೊಂಡವನಿಗೆ ನಷ್ಟ. ಹುಡುಗನ ವಿಷಯದಲ್ಲಿ ಲೆಕ್ಕ ತಪ್ಪಿದರೆ ನಷ್ಟ ಹುಡುಗನದು.

ಎರಡು ಕಾಲಮ್ಮುಗಳ ಲೆಕ್ಕ

ಈ ವಿದ್ಯೆಯನ್ನು ದೊಡ್ಡ ಉದ್ಯಮವನ್ನಾಗಿ ಬೆಳೆಸಿದವರು ಅಮೆರಿಕದ ಬೇಸ್‌ಬಾಲ್ ತಂಡದವರು. ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯವೆಂಬ ಪುಟ್ಟ ನಾಡಿನಲ್ಲಿ ಅಮೆರಿಕದ ತಂಡಗಳೆಲ್ಲ ತಮ್ಮ ತಮ್ಮ ಶಿಬಿರಗಳನ್ನು ತೆರೆದಿವೆ. ೧೯೮೫ರಿಂದ ಅಲ್ಲಿ ಹೊಸಬರಿಗಾಗಿಯೇ ಬೇಸಗೆಯ ಲೀಗ್ ಪಂದ್ಯಗಳು ನಡೆಯುತ್ತಿವೆ. ಕಬ್ಬಿನ ಗದ್ದೆಗಳ ನಡುವಣ ಹಳ್ಳಿಗಳಿಂದ ಬಂದ ಹದಿನಾರು ಹದಿನೇಳರ ಹುಡುಗರು ಅಲ್ಲಿ ಆಡುತ್ತಾರೆ. ಬೇಲಿಯ ಹಿಂದೆ ಕುಳಿತ ಪರೀಕ್ಷಕರು ಬರೆದುಕೊಳ್ಳುತ್ತಾರೆ.

ಅವರ ಬರವಣಿಗೆಯ ಕ್ರಮ ಕುತೂಹಲಕರವಾದುದು. ಚೆಂಡನ್ನು ಹೊಡೆಯುವ ಕೌಶಲ, ಹೊಡೆತದ ಬಲ, ಓಟ, ಚೆಂಡು ಹಿಡಿಯುವ ಚಾತುರ್ಯ, ಎಸೆಯುವ ತೋಳು ಎಂದು ಐದು ಗುಣಗಳು. ಒಂದೊಂದಕ್ಕೂ ೨೦ರಿಂದ ೮೦ರವರೆಗೆ ಅಂಕ. ಅಮೆರಿಕದ ಅತ್ಯುನ್ನತ ತಂಡಗಳ ಸಾಧಾರಣ ಆಟಗಾರನ ಮಟ್ಟಕ್ಕೆ ೫೦. ಮುಖ್ಯವಾದ ಸಂಗತಿ ಎಂದರೆ, ಪ್ರತಿಯೊಂದು ಗುಣಕ್ಕೂ ಎರಡು ಕಾಲಮ್ಮುಗಳು: ಇಂದು ಎಷ್ಟು, ಮುಂದೆ ಎಷ್ಟಾದೀತು. ಮೊದಲನೆಯ ಕಾಲಮ್ಮನ್ನು ತುಂಬಲು ಕಣ್ಣಿದ್ದರೆ ಸಾಕು. ಎರಡನೆಯದನ್ನು ತುಂಬಲು ಎದೆಗಾರಿಕೆ ಬೇಕು. ಇಂದು ೩೦ ಅಂಕವಷ್ಟೇ ಇರುವ ಬಡಕಲು ಹುಡುಗನ ಮುಂದೆ ೬೦ ಎಂದು ಬರೆಯುವವನು ತನ್ನ ಹೆಸರನ್ನೇ ಒತ್ತೆಯಿಟ್ಟು ಬರೆಯುತ್ತಾನೆ.

ಹಣ ಹೆಚ್ಚಾದಲ್ಲಿ ಮೋಸವೂ ಹೆಚ್ಚು. ೨೦೦೬ರಲ್ಲಿ ವಾಷಿಂಗ್‌ಟನ್ನಿನ ತಂಡವೊಂದು ಹದಿನಾರು ವರ್ಷದವನೆಂದು ನಂಬಿ ಡೊಮಿನಿಕನ್ ಹುಡುಗನೊಬ್ಬನಿಗೆ ೧೪ ಲಕ್ಷ ಡಾಲರುಗಳನ್ನು ಕೊಟ್ಟಿತು. ಆತನು ಬೇರೊಬ್ಬನ ಹೆಸರಿನಲ್ಲಿದ್ದ, ನಾಲ್ಕು ವರ್ಷ ಹಿರಿಯ ಎಂಬುದು ೨೦೦೯ರಲ್ಲಿ ಬಯಲಾಯಿತು. ನಮ್ಮ ಜಾತ್ರೆಯ ರೈತನಾಗಿದ್ದರೆ ಮೊದಲೇ ಬಾಯಿ ಬಿಡಿಸಿ ನೋಡುತ್ತಿದ್ದನೋ ಏನೋ!

ಈ ಆಟಕ್ಕೆ ಭಾರತದಿಂದಲೂ ಇಬ್ಬರು ಹೋಗಿದ್ದರು. ೨೦೦೮ರಲ್ಲಿ ಚೆಂಡನ್ನು ಅತಿ ವೇಗವಾಗಿ ಎಸೆಯುವವರನ್ನು ಹುಡುಕಲು ನಮ್ಮ ದೇಶದಲ್ಲಿ ಒಂದು ಸ್ಪರ್ಧೆ ನಡೆಯಿತು. ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ತರುಣರು ಅದರಲ್ಲಿ ಮೇಲೆ ಬಂದರು. ಇಬ್ಬರೂ ಈಟಿ ಎಸೆತದ ಅಭ್ಯಾಸ ಮಾಡಿದವರು. ಬೇಸ್‌ಬಾಲಿನ ಗಂಧವೇ ಇಲ್ಲದವರು. ಆ ವರ್ಷದ ಕೊನೆಗೆ ಪಿಟ್ಸ್‌ಬರ್ಗ್ ತಂಡ ಇಬ್ಬರನ್ನೂ ಸೇರಿಸಿಕೊಂಡಿತು. ೨೦೦೯ರ ಬೇಸಗೆಯಲ್ಲಿ ಫ್ಲಾರಿಡಾದ ಹೊಸಬರ ಲೀಗಿನಲ್ಲಿ ಅವರು ಆಡಿದರು. ದಿನೇಶ್ ಮರುವರ್ಷವೇ ಹಿಂದಿರುಗಿದರು. ರಿಂಕು ಹಲವು ವರ್ಷ ಅಲ್ಲಿಯೇ ಉಳಿದು, ಅತ್ಯುನ್ನತ ಮಟ್ಟವನ್ನು ಮುಟ್ಟದೆಯೇ ಆ ಆಟವನ್ನು ಬಿಟ್ಟು ಕುಸ್ತಿಯ ಕಣಕ್ಕೆ ಇಳಿದರು. ಪರೀಕ್ಷಕರು ಕಂಡ ತೋಳಿನ ಬಲ ಸುಳ್ಳಾಗಿರಲಿಲ್ಲ. ಆದರೆ ಬಲವಾದ ತೋಳೊಂದೇ ಆಟಗಾರನಲ್ಲ. ಚಿಕ್ಕಂದಿನಿಂದ ಆ ಆಟವನ್ನೇ ಉಸಿರಾಡಿ ಬೆಳೆದವರ ನಡುವೆ ಇಪ್ಪತ್ತರ ಹೊಸ್ತಿಲಲ್ಲಿ ಅಕ್ಷರಾಭ್ಯಾಸ ಮಾಡುವುದು ಸುಲಭದ ಕೆಲಸವಲ್ಲ.

ಸೆಪ್ಟೆಂಬರಿನಲ್ಲಿ ಹುಟ್ಟಿದ ಅದೃಷ್ಟ

ಕ್ರಿಕೆಟ್ಟಿನಲ್ಲಿ ಇಂಥ ಅಂಕಪಟ್ಟಿಯ ಪದ್ಧತಿ ಅಷ್ಟು ಕಟ್ಟುನಿಟ್ಟಾಗಿ ಬೆಳೆದಿಲ್ಲ. ಹದಿನಾಲ್ಕರೊಳಗಿನವರು, ಹದಿನಾರರೊಳಗಿನವರು, ಹತ್ತೊಂಬತ್ತರೊಳಗಿನವರು ಎಂಬ ಮೆಟ್ಟಿಲುಗಳಿವೆ. ಆಯ್ಕೆಯ ದಿನ ಬಿಳಿಯ ಉಡುಪಿನ ಹುಡುಗರು ನೂರುಗಟ್ಟಲೆ ನೆರೆಯುತ್ತಾರೆ. ಒಬ್ಬೊಬ್ಬನಿಗೆ ಸಿಕ್ಕುವುದು ಕೆಲವೇ ಚೆಂಡುಗಳು. ಮರದ ನೆರಳಿನಲ್ಲಿ ತಾಯಿತಂದೆಯರು ಕೈಯಲ್ಲಿ ನೀರಿನ ಬಾಟಲಿ ಹಿಡಿದು ಕುಳಿತಿರುತ್ತಾರೆ. ಮಗನಿಗಿಂತ ಅವರ ಎದೆಬಡಿತವೇ ಜೋರು.

ಪಳಗಿದ ಆಯ್ಕೆಗಾರ ಇಲ್ಲಿ ರನ್ನುಗಳನ್ನು ಎಣಿಸುವುದಿಲ್ಲ. ಚೆಂಡು ಬಂದಾಗ ಹುಡುಗನ ತಲೆ ಅಲುಗದೆ ನಿಲ್ಲುವುದೇ, ಚೆಂಡಿನ ನೆಲೆಯನ್ನು ಇತರರಿಗಿಂತ ಒಂದು ಗಳಿಗೆ ಮೊದಲೇ ಗುರುತಿಸುತ್ತಾನೆಯೇ ಎಂದು ನೋಡುತ್ತಾನೆ. ತನ್ನನ್ನು ಸೋಲಿಸಿದ ಚೆಂಡಿನ ಮುಂದಿನ ಚೆಂಡನ್ನು ಹುಡುಗ ಹೇಗೆ ಎದುರಿಸುತ್ತಾನೆ ಎಂಬುದರ ಮೇಲೆ ಅವನ ಕಣ್ಣು. ಬೌಲರನಾದರೆ ವಿಕೆಟ್ಟುಗಳಿಗಿಂತ ಓಟದ ಲಯ, ಮಣಿಕಟ್ಟಿನ ನಿಲುವು, ಸೊಂಟವೂ ಭುಜವೂ ಒಂದೇ ದಿಕ್ಕಿಗೆ ತಿರುಗುತ್ತವೆಯೋ ಇಲ್ಲವೋ ಎಂಬುದು ಮುಖ್ಯ. ಸೊಂಟ ಒಂದು ಕಡೆಗೆ, ಭುಜ ಇನ್ನೊಂದು ಕಡೆಗೆ ತಿರುಚಿಕೊಳ್ಳುವ ಹುಡುಗ ಇಂದು ವೇಗವಾಗಿಯೇ ಎಸೆಯಬಹುದು. ಆದರೆ ಬೆನ್ನಿನ ಕೆಳಗಣ ಎಳೆಯ ಮೂಳೆ ಆ ಹೊರೆಯನ್ನು ತಾಳದೆ ಬಿರುಕು ಬಿಡುವ ಅಪಾಯವುಂಟು.

ಕಣ್ಣನ್ನು ಮೋಸಗೊಳಿಸುವ ದೊಡ್ಡ ಮಾಯಾವಿ ವಯಸ್ಸೇ. ಭಾರತದ ಕ್ರಿಕೆಟ್ ಮಂಡಳಿಯ ವಯೋಮಿತಿಯ ಲೆಕ್ಕ ಸೆಪ್ಟೆಂಬರ್ ೧ರಿಂದ ಆರಂಭವಾಗುತ್ತದೆ. ಸೆಪ್ಟೆಂಬರಿನಲ್ಲಿ ಹುಟ್ಟಿದವನೂ ಮರುವರ್ಷದ ಆಗಸ್ಟಿನಲ್ಲಿ ಹುಟ್ಟಿದವನೂ ಒಂದೇ ಗುಂಪಿನವರು. ಹದಿಮೂರರ ಪ್ರಾಯದಲ್ಲಿ ಹನ್ನೊಂದು ತಿಂಗಳೆಂದರೆ ಒಂದು ಗೇಣು ಎತ್ತರ, ಒಂದು ಮುಷ್ಟಿ ಬಲ. ದೊಡ್ಡವನು ಹೆಚ್ಚು ದೂರ ಹೊಡೆಯುತ್ತಾನೆ, ಆಯ್ಕೆಯಾಗುತ್ತಾನೆ. ಆಯ್ಕೆಯಾದವನಿಗೆ ಒಳ್ಳೆಯ ತರಬೇತಿ, ಹೆಚ್ಚು ಪಂದ್ಯ. ಆದ್ದರಿಂದ ಇನ್ನೂ ಮುಂದಾಗುತ್ತಾನೆ. ಚಿಕ್ಕವನು ತನ್ನಲ್ಲಿ ಪ್ರತಿಭೆಯೇ ಇಲ್ಲವೆಂದು ನಂಬಿ ಬ್ಯಾಟನ್ನು ಅಟ್ಟದ ಮೇಲೆ ಇಡುತ್ತಾನೆ. ಅನೇಕ ದೇಶಗಳಲ್ಲಿ, ಅನೇಕ ಆಟಗಳಲ್ಲಿ ವಿದ್ವಾಂಸರು ಈ ಅನ್ಯಾಯವನ್ನು ಗುರುತಿಸಿದ್ದಾರೆ. ಅದೃಷ್ಟ ಹಣೆಯಲ್ಲಿ ಬರೆದಿರುತ್ತದೆ ಎನ್ನುವರು. ಇಲ್ಲಿ ಅದು ಜನನಪತ್ರದಲ್ಲಿಯೇ ಬರೆದಿರುತ್ತದೆ!

ಆ ಪತ್ರವೂ ಸುಳ್ಳಾಗಿರುವುದುಂಟು. ಅದಕ್ಕಾಗಿಯೇ ಮಂಡಳಿ ೨೦೧೨ರಲ್ಲಿ ಮೂಳೆಯ ಪರೀಕ್ಷೆಯನ್ನು ಜಾರಿಗೆ ತಂದಿತು. ಎಡಗೈಯ ಮಣಿಕಟ್ಟಿನ ಎಕ್ಸ್-ರೇ ಚಿತ್ರ ತೆಗೆದು, ಅಲ್ಲಿನ ಚಿಕ್ಕ ಚಿಕ್ಕ ಮೂಳೆಗಳು ಎಷ್ಟು ಬಲಿತಿವೆ, ಎಷ್ಟು ಕೂಡಿಕೊಂಡಿವೆ ಎಂಬುದರಿಂದ ವಯಸ್ಸನ್ನು ಅಂದಾಜು ಮಾಡುವ ಕ್ರಮವಿದು. ದನದ ಹಲ್ಲು ನೋಡುವ ರೈತನೂ ಮಣಿಕಟ್ಟಿನ ಚಿತ್ರ ನೋಡುವ ವೈದ್ಯನೂ ಒಂದೇ ಮನೆತನದವರು. ಆದರೂ ಒಂದು ತೊಡಕು ಉಳಿದೇ ಇದೆ. ಎಲ್ಲ ಮಕ್ಕಳ ಮೂಳೆಯೂ ಒಂದೇ ವೇಗದಲ್ಲಿ ಬಲಿಯುವುದಿಲ್ಲ. ಮೂಳೆ ಬೇಗ ಬಲಿತ ಹುಡುಗನು ಸುಳ್ಳನ್ನೇ ಹೇಳದೆಯೂ ಹೊರಗುಳಿಯಬಹುದು.

ಲೆಕ್ಕಕ್ಕೆ ಸಿಕ್ಕದವರು

‘ಬೆಳೆಯ ಸಿರಿ ಮೊಳಕೆಯಲ್ಲಿ’ ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಕನ್ನಡ ನಾಡಿನ ಕ್ರಿಕೆಟ್ಟಿನ ಚರಿತ್ರೆಯನ್ನು ನೋಡಿದರೆ, ಮೊಳಕೆಯಲ್ಲಿ ಸಿರಿಯಿದ್ದದ್ದು ನಿಜವಾದರೂ ಅದು ಎಲ್ಲರ ಕಣ್ಣಿಗೂ ಬೀಳುವಂತೆ ಇರಲಿಲ್ಲ ಎಂಬುದು ತಿಳಿಯುತ್ತದೆ.

ಮೈಸೂರಿನಲ್ಲಿ ೧೯೪೫ರಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರರನ್ನೇ ತೆಗೆದುಕೊಳ್ಳಬಹುದು. ಬಾಲ್ಯದಲ್ಲಿ ಪೋಲಿಯೋ ಬಡಿದು ಬಲಗೈ ಸೊರಗಿತ್ತು. ಯಾವ ಅಂಕಪಟ್ಟಿಯನ್ನು ಹಿಡಿದು ಕುಳಿತರೂ ‘ಎಸೆಯುವ ತೋಳು’ ಎಂಬ ಸಾಲಿನ ಮುಂದೆ ಬೀಳುತ್ತಿದ್ದುದು ಸೊನ್ನೆಯೇ. ಆ ಸೊರಗಿದ ಕೈಯಿಂದಲೇ ಹೊರಟ ವೇಗದ ಲೆಗ್ ಸ್ಪಿನ್ನು ೧೯೭೧ರಲ್ಲಿ ಓವಲ್ ಮೈದಾನದಲ್ಲಿ ೩೮ ರನ್ನುಗಳಿಗೆ ಆರು ವಿಕೆಟ್ಟುಗಳನ್ನು ಉರುಳಿಸಿತು. ಇಂಗ್ಲೆಂಡಿನ ನೆಲದಲ್ಲಿ ಭಾರತ ಮೊದಲ ಸಲ ಸರಣಿಯನ್ನು ಗೆದ್ದದ್ದು ಆಗ. ೫೮ ಟೆಸ್ಟುಗಳಲ್ಲಿ ೨೪೨ ವಿಕೆಟ್ಟುಗಳನ್ನು ಅವರು ಪಡೆದರು.

ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥರ ಪುಟ್ಟ ಮೈಕಟ್ಟನ್ನು ನೋಡಿ, ಇವನು ವೇಗದ ಚೆಂಡನ್ನು ತಾಳಿಯಾನೇ ಎಂದು ಅನುಮಾನಿಸಿದವರಿದ್ದರು. ೧೯೬೭ರಲ್ಲಿ ಮೈಸೂರಿನ ಪರವಾಗಿ ಆಡಿದ ಮೊದಲ ರಣಜಿ ಪಂದ್ಯದಲ್ಲಿಯೇ ಆಂಧ್ರದ ವಿರುದ್ಧ ಅವರು ೨೩೦ ರನ್ನು ಹೊಡೆದರು. ೧೯೬೯ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ಮೊದಲ ಟೆಸ್ಟು. ಮೊದಲ ಸರದಿಯಲ್ಲಿ ಸೊನ್ನೆ. ಒಂದೇ ನೋಟದಲ್ಲಿ ತೀರ್ಪು ಕೊಡುವವರಿಗೆ ಅಷ್ಟು ಸಾಕಾಗಿತ್ತು. ಎರಡನೆಯ ಸರದಿಯಲ್ಲಿ ೧೩೭! ಪಟೌಡಿಯಂಥ ನಾಯಕರ ನಂಬಿಕೆ ಆ ಎರಡು ಸರದಿಗಳ ನಡುವೆ ಆಸರೆಯಾಗಿ ನಿಂತಿತ್ತು.

ಮುಂದಿನ ಸಂಗತಿ ಇನ್ನೂ ಸ್ವಾರಸ್ಯವಾದುದು. ಆಕಾರದಿಂದ ಅಳೆಯಲ್ಪಟ್ಟ ಇದೇ ವಿಶ್ವನಾಥರು ಅನಂತರ, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಎತ್ತರದ ತರುಣನೊಬ್ಬನನ್ನು ಕ್ಲಬ್ ಪಂದ್ಯವೊಂದರಲ್ಲಿ ಗಮನಿಸಿ ರಾಜ್ಯ ತಂಡದ ಹಾದಿ ತೋರಿಸಿದರು. ಆತನೇ ಜಾವಗಲ್ ಶ್ರೀನಾಥ್. ಹೈದರಾಬಾದಿನ ಎದುರು ಆಡಿದ ಮೊದಲ ರಣಜಿ ಪಂದ್ಯದಲ್ಲಿಯೇ ಹ್ಯಾಟ್ರಿಕ್. ಮುಂದೆ ೨೩೬ ಟೆಸ್ಟ್ ವಿಕೆಟ್ಟುಗಳು. ಚಿನ್ನಸ್ವಾಮಿ ಕ್ರೀಡಾಂಗಣದ ಬೇಸಗೆ ಶಿಬಿರದಲ್ಲಿ ಬ್ಯಾಟು ಹಿಡಿದು ನಿಂತಿದ್ದ ರಾಹುಲ್ ದ್ರಾವಿಡರನ್ನು ಗುರುತಿಸಿದ್ದು ತರಬೇತುದಾರ ಕೇಕಿ ತಾರಾಪೋರ್. ದೀಪದಿಂದ ದೀಪ ಹೊತ್ತಿಕೊಳ್ಳುವಂತೆ ಕಣ್ಣಿನಿಂದ ಕಣ್ಣಿಗೆ ಸಾಗಿಬಂದ ವಿದ್ಯೆಯಿದು.

ತಡವಾಗಿ ಮೊಳೆತವರೂ ಇದ್ದಾರೆ. ಬೆಂಗಳೂರಿನ ಅಭಿಮನ್ಯು ಮಿಥುನ್ ಚಕ್ರ ಎಸೆತದಲ್ಲಿ ಹೆಸರು ಮಾಡಿದ ಹುಡುಗ. ಹದಿನೇಳರವರೆಗೆ ಆತ ತೊಗಲಿನ ಚೆಂಡಿನಲ್ಲಿ ಬೌಲ್ ಮಾಡಿದವನೇ ಅಲ್ಲ. ೨೦೦೯ರ ನವೆಂಬರಿನಲ್ಲಿ ಮೀರತ್ತಿನಲ್ಲಿ ಉತ್ತರ ಪ್ರದೇಶದ ಎದುರು ತನ್ನ ಮೊದಲ ರಣಜಿ ಪಂದ್ಯದಲ್ಲಿ ಹ್ಯಾಟ್ರಿಕ್ ಸಹಿತ ಹನ್ನೊಂದು ವಿಕೆಟ್ಟುಗಳನ್ನು ಕಿತ್ತು, ಮರುವರ್ಷವೇ ಭಾರತದ ಟೆಸ್ಟ್ ತಂಡದಲ್ಲಿ ಗಾಲೆಯ ಅಂಗಣಕ್ಕೆ ಇಳಿದರು. ಈಟಿ ಎಸೆದವರು ಅಮೆರಿಕದಲ್ಲಿ ಮುಟ್ಟಲಾರದ ಎತ್ತರವನ್ನು ಚಕ್ರ ಎಸೆದವರು ಇಲ್ಲಿ ಮುಟ್ಟಿದರು. ಟೆನಿಸ್ ಚೆಂಡಿನಲ್ಲಿಯಾದರೂ ಆಟದ ಲಯ ಮೈಗೂಡಿದ ನೆಲದಲ್ಲಿ ಬೆಳೆದದ್ದೇ ಈ ಭೇದಕ್ಕೆ ಕಾರಣವಿರಬೇಕು. ಹದಿನಾಲ್ಕನೆಯ ವಯಸ್ಸಿಗೇ ಬಾಗಿಲು ಮುಚ್ಚಿಬಿಡುವ ಪದ್ಧತಿಯಾಗಿದ್ದರೆ ಮಿಥುನ್ ಒಳಗೆ ಬರುವಂತೆಯೇ ಇರಲಿಲ್ಲ.

ದಿಕ್ಕುಗಳ ದೂರ

ಆನೇಕಲ್ಲಿನ ಬಯಲಿಗೂ ಈ ಬಾಗಿಲಿಗೂ ನಡುವೆ ದೂರವೆಂಬುದೊಂದು ಇದೆ. ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ೨೦೦೦ದಲ್ಲಿ ಆರಂಭವಾದದ್ದು ಬೆಂಗಳೂರಿನ ನಡುವೆ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ೨೦೨೪ರ ಸೆಪ್ಟೆಂಬರಿನಲ್ಲಿ ಅದರ ಹೊಸ ಉತ್ಕೃಷ್ಟತಾ ಕೇಂದ್ರ ನಗರದ ಉತ್ತರದ ಹೊರವಲಯದಲ್ಲಿ, ೪೦ ಎಕರೆಗಳಲ್ಲಿ, ಮೂರು ಮೈದಾನಗಳೊಂದಿಗೆ ತೆರೆಯಿತು. ರಾಜ್ಯ ಸಂಸ್ಥೆಯ ಆಲೂರಿನ ಮೈದಾನಗಳು ಪೀಣ್ಯದ ಆಚೆಗೆ, ತುಮಕೂರು ರಸ್ತೆಯ ಕಡೆಗೆ ಇವೆ. ೨೦೨೩ರ ಏಷ್ಯಾ ಕಪ್ಪಿಗೆ ಮುನ್ನ ಭಾರತದ ತಂಡ ಶಿಬಿರ ಹೂಡಿದ್ದು ಅಲ್ಲಿಯೇ. ಎರಡೂ ಒಂದು ತುದಿಯಲ್ಲಿ. ಆನೇಕಲ್ಲು ಅದಕ್ಕೆ ತದ್ವಿರುದ್ಧವಾದ ತುದಿಯಲ್ಲಿ.

ಬೆಳಗ್ಗೆ ಏಳಕ್ಕೆ ಪಂದ್ಯವೆಂದರೆ ಈ ತುದಿಯ ಹುಡುಗ ಕೋಳಿ ಕೂಗುವ ಮೊದಲೇ ಏಳಬೇಕು. ಹುಡುಗನಷ್ಟೇ ಉದ್ದದ ಚೀಲ ಹೆಗಲಿಗೆ. ಸ್ಕೂಟರಿನಲ್ಲಿ ಹೆದ್ದಾರಿಯವರೆಗೆ ಬಿಡಲು ತಂದೆ ತನ್ನ ಪಾಳಿಯನ್ನು ಬದಲಾಯಿಸಿಕೊಳ್ಳಬೇಕು. ೨೦೨೫ರ ಆಗಸ್ಟಿನಲ್ಲಿ ಮೆಟ್ರೋ ರೈಲಿನ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಬಂದದ್ದರಿಂದ ಪ್ರಯಾಣದ ಕಷ್ಟ ಕೊಂಚ ತಗ್ಗಿದೆ. ಬ್ಯಾಟು, ಪ್ಯಾಡು, ಬೂಟುಗಳ ಬೆಲೆಯನ್ನು ಯಾವ ರೈಲೂ ತಗ್ಗಿಸದು. ಹುಡುಗಿಯಾದರಂತೂ ಈ ದೂರ ಇಮ್ಮಡಿಯಾಗಿ ತೋರುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಕಡೂರಿನಿಂದ ಬೆಂಗಳೂರಿಗೆ ಬಂದು, ೨೦೧೧ರಲ್ಲಿ ಭಾರತದ ತಂಡವನ್ನು ಸೇರಿದ ವೇದಾ ಕೃಷ್ಣಮೂರ್ತಿಯಂಥವರ ಹಿಂದೆ ಮನೆಮಂದಿಯ ಎಷ್ಟು ಧೈರ್ಯವಿತ್ತೆಂಬುದನ್ನು ಹೆಣ್ಣುಮಕ್ಕಳ ತಾಯಿತಂದೆಯರು ಊಹಿಸಬಲ್ಲರು.

ಹುಡುಗನೇ ದೂರ ಬರಬೇಕೆಂಬ ನಿಯಮವನ್ನು ತಿರುಗಿಸಿ, ನೋಡುವವನೇ ದೂರ ಹೋಗಲಿ ಎಂಬ ಯೋಚನೆಯೂ ಒಮ್ಮೆ ನಡೆದಿತ್ತು. ೨೦೦೨ರಲ್ಲಿ ಕ್ರಿಕೆಟ್ ಮಂಡಳಿ ಪ್ರತಿಭೆಯ ಶೋಧಕ್ಕಾಗಿಯೇ ಒಂದು ವಿಭಾಗವನ್ನು ತೆರೆಯಿತು. ಪತ್ರಕರ್ತ ಮಕರಂದ ವೈಂಗಣಕರರ ಕಲ್ಪನೆ. ದಿಲೀಪ್ ವೆಂಗ್‌ಸರ್ಕಾರರ ನಾಯಕತ್ವ. ಹಳೆಯ ಆಟಗಾರರು ಸಣ್ಣ ಊರುಗಳಿಗೆ ಹೋಗಿ, ಪಂದ್ಯ ನೋಡಿ, ಬೆಂಗಳೂರಿನ ಅಕಾಡೆಮಿಗೆ ವರದಿ ಕಳುಹಿಸಬೇಕು. ೧೯೬೦ರ ದಶಕದಲ್ಲಿ ಬಂಗಾಳದ ನಾಯಕರಾಗಿದ್ದ ಪ್ರಕಾಶ್ ಪೋದ್ದಾರರು ೨೦೦೩ರಲ್ಲಿ ಜಮ್‌ಷೆಡ್‌ಪುರದಲ್ಲಿ ಜಾರ್ಖಂಡಿನ ದಾಂಡಿಗನೊಬ್ಬನನ್ನು ಕಂಡು ಅಂಥದೊಂದು ವರದಿ ಬರೆದರು. ಹುಡುಗನಿಗೆ ವಯಸ್ಸು ಇಪ್ಪತ್ತು ದಾಟಿತ್ತು, ಆಟದಲ್ಲಿ ಒರಟುತನವಿತ್ತು, ಆದರೆ ಹೊಡೆತದ ಬಲ ಅಸಾಧಾರಣವಾಗಿತ್ತು. ಹೆಸರು ಮಹೇಂದ್ರ ಸಿಂಗ್ ಧೋನಿ. ೨೦೧೧ರ ವಿಶ್ವಕಪ್ ಭಾರತದ ಕೈಸೇರಿದ ರಾತ್ರಿ ಕೋಟಿ ಕೋಟಿ ಜನ ಆ ಬಲವನ್ನು ಕಣ್ಣಾರೆ ಕಂಡರು. ಮೊದಲು ಕಂಡವರು ಜಮ್‌ಷೆಡ್‌ಪುರದವರೆಗೆ ಹೋಗಿದ್ದರಿಂದ ಕಂಡರು.

ಇಲ್ಲಿ ಅವಕಾಶ ಸಿಕ್ಕದವರು ಬೇರೆಲ್ಲೋ ಹೂಬಿಟ್ಟದ್ದೂ ಉಂಟು. ಅಮೆರಿಕದ ಅಲಬಾಮಾದಲ್ಲಿ ಹುಟ್ಟಿ, ಚಿಕ್ಕಮಗಳೂರಿನ ಕಾಫಿಯ ನಾಡಿನಲ್ಲಿ ಬೆಳೆದ ನೋಸ್ತುಷ್ ಕೆಂಜಿಗೆ ಬೆಂಗಳೂರಿನ ಲೀಗ್ ಪಂದ್ಯಗಳಲ್ಲಿ ಎಡಗೈ ಸ್ಪಿನ್ ಬೌಲರಾಗಿ ಆಡಿದರು. ೨೦೧೫ರಲ್ಲಿ ಅಮೆರಿಕಕ್ಕೆ ಮರಳಿದರು. ಬೇಸ್‌ಬಾಲಿನ ಆ ದೇಶದಲ್ಲಿ ಕ್ರಿಕೆಟ್ ಆಡುವವರೇ ವಿರಳ. ೨೦೨೪ರ ಜೂನ್ ೬ರಂದು ಡಲ್ಲಾಸಿನಲ್ಲಿ, ಟಿ-೨೦ ವಿಶ್ವಕಪ್ ಪಂದ್ಯದಲ್ಲಿ, ಪಾಕಿಸ್ತಾನದ ಮೂರು ವಿಕೆಟ್ಟುಗಳನ್ನು ಅವರು ೩೦ ರನ್ನುಗಳಿಗೆ ಪಡೆದರು, ಅಮೆರಿಕ ಗೆದ್ದಿತು. ಮೊಳಕೆ ಅದೇ, ನೋಡಿದ ನೆಲ ಬೇರೆ.

ಪಟ್ಟಿಯಲ್ಲಿ ಹೆಸರಿಲ್ಲದವರು

ಆಯ್ಕೆಯ ಪಟ್ಟಿಯನ್ನು ಗೋಡೆಗೆ ಅಂಟಿಸಿದಾಗ ನಗುವವರು ಹದಿನೈದು ಮಂದಿ, ತಲೆ ತಗ್ಗಿಸುವವರು ನೂರಾರು. ಡೊಮಿನಿಕನ್ ನಾಡಿನ ಶಿಬಿರವಾದರೂ ಸರಿ, ಬೆಂಗಳೂರಿನ ಹೊರವಲಯದ ಮೈದಾನವಾದರೂ ಸರಿ, ಈ ಲೆಕ್ಕ ಬದಲಾಗದು. ಅಲ್ಲಿನ ಹೊಸಬರ ಲೀಗಿನಲ್ಲಿ ಆಡುವವರಲ್ಲಿ ಬಹುಮಂದಿ ಅತ್ಯುನ್ನತ ತಂಡದ ಮುಖವನ್ನೇ ಕಾಣದೆ ಮನೆಗೆ ಮರಳುತ್ತಾರೆ. ಹದಿನಾರಕ್ಕೆ ಶಾಲೆ ಬಿಟ್ಟು ಹೋದವರು ಇಪ್ಪತ್ತೆರಡಕ್ಕೆ ಬರಿಗೈಯಲ್ಲಿ ಹಿಂದಿರುಗುವ ದುಃಖವನ್ನು ಯಾವ ಅಂಕಪಟ್ಟಿಯೂ ದಾಖಲಿಸುವುದಿಲ್ಲ.

ಶ್ರೀನಾಥರು ಇಂಜಿನಿಯರಿಂಗ್ ಕಾಲೇಜಿನಿಂದ ಬಂದವರು ಎಂಬುದನ್ನು ತಾಯಿತಂದೆಯರು ನೆನಪಿಡುವುದು ಒಳ್ಳೆಯದು. ಪುಸ್ತಕದ ಚೀಲವನ್ನು ಕೆಳಗಿಳಿಸದೆಯೇ ಬ್ಯಾಟಿನ ಚೀಲವನ್ನು ಹೊರಬಹುದು. ಹಾಗೆಯೇ, ಹನ್ನೆರಡರ ಮಗು ಒಮ್ಮೆ ಪಟ್ಟಿಯಿಂದ ತಪ್ಪಿತೆಂದು ಮನೆಯಲ್ಲಿ ಸೂತಕದ ಮೌನ ಕವಿಯಬೇಕಾದುದೂ ಇಲ್ಲ. ಅಂದು ನೋಡಿದವನು ನೋಡಿದ್ದು ಒಂದು ಬೆಳಗಿನ ಆಟವನ್ನು, ಅದೂ ಕೆಲವೇ ಚೆಂಡುಗಳನ್ನು. ಮೂಳೆ ಬೆಳೆಯಬೇಕು, ಭುಜ ಅಗಲವಾಗಬೇಕು, ಸೋಲನ್ನು ಜೀರ್ಣಿಸಿಕೊಳ್ಳುವ ಶಕ್ತಿ ಬರಬೇಕು. ಅದಕ್ಕೆಲ್ಲ ಕಾಲಾವಕಾಶ ಬೇಕು.

ಆಯ್ಕೆಗಾರರ ಪಾಲಿಗೂ ಒಂದು ಹೊಣೆಯಿದೆ. ಇಂದು ಕೈಬಿಟ್ಟ ಹುಡುಗನನ್ನು ಎರಡು ವರ್ಷಗಳ ಮೇಲೆ ಮತ್ತೊಮ್ಮೆ ನೋಡುವ ಏರ್ಪಾಡು ಇರಬೇಕು. ಆಗಸ್ಟಿನಲ್ಲಿ ಹುಟ್ಟಿದವನ ಹೆಸರಿನ ಮುಂದೆ ಒಂದು ಗುರುತು ಹಾಕಿಟ್ಟುಕೊಳ್ಳುವುದು ಕಷ್ಟವಲ್ಲ. ಜಾತ್ರೆಯ ರೈತನು ಕೂಡ ಕರುವನ್ನು ಒಮ್ಮೆ ನೋಡಿ ಮುಗಿಸುವುದಿಲ್ಲ. ಬೆಳಗ್ಗೆ ನೋಡಿದವನು ಸಂಜೆ ಮತ್ತೆ ಬಂದು, ದಣಿದಾಗ ಅದು ಹೇಗೆ ನಡೆಯುತ್ತದೆಂದು ನೋಡಿ, ಆಮೇಲೆ ಬೆರಳು ಹಿಡಿಯುತ್ತಾನೆ.

ಸೂರ್ಯನಗರದಲ್ಲಿ ಮಹಾ ಅಂಗಣ ಎದ್ದು ನಿಲ್ಲಲಿ. ಅದರಿಂದ ಆನೇಕಲ್ಲಿನ ಹೆಸರು ದೇಶದೇಶಗಳಲ್ಲಿ ಕೇಳಿಬರಲಿ. ಅಂಗಣದ ಗೋಡೆಯ ಹೊರಗಣ ಬಯಲಿನಲ್ಲಿ ಇಟ್ಟಿಗೆಯ ವಿಕೆಟ್ಟಿಗೆ ಚೆಂಡೆಸೆಯುತ್ತಿರುವ ಹುಡುಗನನ್ನು ನೋಡಲು, ಎಂಬತ್ತು ಸಾವಿರ ಆಸನಗಳ ಜೊತೆಗೆ, ಮರದ ನೆರಳಿನಲ್ಲಿ ಇನ್ನೊಂದು ಕುರ್ಚಿಯೂ ಇರಲಿ.